ಹಬ್ಬವೇ ಪಾಠ

(ಅರೇಹಳ್ಳಿಯಲ್ಲಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರೂ ಊರ ಮಹನೀಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಥಮಿಕ ಶಾಲೆಯಲ್ಲಿ ಹಬ್ಬ ಹರಿದಿನಗಳಿಗೆ ಇರತಕ್ಕ ಸ್ಥಾನವೇನು, ಅವುಗಳಿಂದ ಮಗುವಿನ ಕಲಿಕೆಗೆ ಆಗತಕ್ಕ ಉಪಯೋಗವೇನು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆ ಮಾಡಿದ್ದೀರಿ. ವಿಷಯವು ನೋಡುವುದಕ್ಕೆ ಹಗುರವಾಗಿದೆ. ಆದರೆ ಕನ್ನಡ ಶಾಲೆಗಳ ಬಾಳುವೆಯ ಪ್ರಶ್ನೆಯೇ ಇದರಲ್ಲಿ ಅಡಗಿರುವುದೆಂದು ನಾವು ತಿಳಿದಿರುವುದರಿಂದ, ತಮ್ಮ ಅಪ್ಪಣೆಯನ್ನು ಸಂತೋಷದಿಂದ ಶಿರಸಾವಹಿಸಿದ್ದೇವೆ.

ಈ ವಿಷಯದಲ್ಲಿ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಹಬ್ಬವೆಂದರೆ ಪಾಠಕ್ಕೆ ಬಂದ ವಿಘ್ನ. ಕುಣಿತ, ತೋರಣ, ಭಾಷಣಗಳಲ್ಲಿ ಮಕ್ಕಳ ಕಾಲವು ಹಾಳಾಗುವುದೆಂದು ಕೆಲವರು ಮುಖ ಸಿಂಡರಿಸುವರು. ಇನ್ನು ಕೆಲವರಿಗೆ ಹಬ್ಬವು ಶಾಲೆಯ ಭೂಷಣ. ವರ್ಷಕ್ಕೊಮ್ಮೆ ದೊಡ್ಡ ಪೆಂಡಾಲು ಹಾಕಿ, ದೊಡ್ಡವರನ್ನು ಕರೆದು, ಹತ್ತು ಮಂದಿ ಚೂಟಿಯಾದ ಮಕ್ಕಳಿಂದ ನೃತ್ಯ ಮಾಡಿಸಿದರೆ ಶಾಲೆಯ ಕೀರ್ತಿ ಬೆಳೆಯಿತೆಂದು ಅವರ ಎಣಿಕೆ. ನಮ್ಮ ದೃಷ್ಟಿಯಲ್ಲಿ ಈ ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತಿವೆ. ಹಬ್ಬ ಬೇರೆ, ಪಾಠ ಬೇರೆ ಎಂದು ಇಬ್ಬರೂ ಒಪ್ಪಿಕೊಂಡೇ ವಾದಕ್ಕೆ ನಿಂತಿದ್ದಾರೆ. ಹಬ್ಬವನ್ನೇ ಪಾಠವಾಗಿ ಮಾಡಬಹುದು, ಮಾಡಬೇಕು ಎಂಬುದು ಈ ದಿನ ತಮ್ಮ ಮುಂದೆ ನಾವು ಅರಿಕೆ ಮಾಡಿಕೊಳ್ಳುವ ಮಾತು.

ಮೊದಲು ಆ ಶಬ್ದವನ್ನೇ ನೋಡೋಣ. ಸಂಸ್ಕೃತದ ‘ಪರ್ವ’ವು ಕನ್ನಡಿಗರ ಬಾಯಲ್ಲಿ ‘ಪಬ್ಬ’ವಾಗಿ, ‘ಹಬ್ಬ’ವಾಯಿತು. ಪರ್ವವೆಂದರೆ ಗಿಣ್ಣು, ಬಿದಿರಿನ, ಕಬ್ಬಿನ ಗಿಣ್ಣು. ಮಹಾಭಾರತದ ಭಾಗಗಳಿಗೆ ಪರ್ವಗಳೆಂದು ಹೆಸರಾದದ್ದೂ ಇದರಿಂದಲೇ. ವರ್ಷವೆಂಬ ಕಬ್ಬಿಗೆ ಹಬ್ಬಗಳು ಗಿಣ್ಣುಗಳು. ಕಬ್ಬು ಬೆಳೆಯುವ ರೈತನನ್ನು ಕೇಳಿರಿ: ರಸವಿರುವುದು ಗೆಣ್ಣಿನ ನಡುವಣ ಭಾಗದಲ್ಲಾದರೂ, ಬಿತ್ತನೆಯ ತುಂಡಿನಲ್ಲಿ ಕಣ್ಣು ಇರುವುದು ಗಿಣ್ಣಿನಲ್ಲಿಯೇ, ಹೊಸ ಕಬ್ಬು ಮೊಳೆಯುವುದು ಅಲ್ಲಿಂದಲೇ. ದಿನದಿನದ ಪಾಠದಲ್ಲಿ ರಸ ತುಂಬುತ್ತದೆ. ಹಬ್ಬದ ದಿನ ಅದು ಮೊಳಕೆಯೊಡೆಯಬೇಕು.

ಶಾಲೆಯಲ್ಲಿ ಹಬ್ಬವು ಹೊಸದಾಗಿ ಹೊರಗಿನಿಂದ ಬಂದ ಪದ್ಧತಿಯೆಂದು ತಿಳಿಯುವವರುಂಟು. ನಮ್ಮ ಹಿರಿಯರ ಕಾಲದ ಕೂಲಿಮಠಗಳನ್ನು ಅವರು ಮರೆತಿದ್ದಾರೆ. ಊರಿನ ಜಗುಲಿಯ ಮೇಲೋ ಗುಡಿಯ ಅಂಗಳದಲ್ಲೋ ಐಗಳು ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಕಾಲವದು. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು ಮದರಾಸು ಸರಕಾರಕ್ಕೆ ಕಳುಹಿಸಿದ ವರದಿಯಲ್ಲಿ, ಆ ಜಿಲ್ಲೆಯ 533 ದೇಶೀಯ ಶಾಲೆಗಳ ಪೈಕಿ 235 ಕನ್ನಡ ಶಾಲೆಗಳೆಂದು ಲೆಕ್ಕ ಕೊಟ್ಟಿದ್ದಾನೆ. ಸರಕಾರದ ಸಂಬಳವಿಲ್ಲದೆ, ಊರವರ ಕೂಲಿಯಿಂದಲೇ ಬದುಕಿದ ಶಾಲೆಗಳಿವು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವುದಕ್ಕೆ ನೂರಮೂವತ್ತು ವರ್ಷ ಮೊದಲೇ ಅಲ್ಲಿ ಕನ್ನಡದ ಅಕ್ಷರ ಮೂಡುತ್ತಿದ್ದುದು ಇಂಥ ಮರಳಿನ ಮೇಲೆ.

ಈ ಮಠಗಳಿಗೆ ಮಹಾನವಮಿಯೇ ದೊಡ್ಡ ಹಬ್ಬ. ನವರಾತ್ರಿಯ ದಿನಗಳಲ್ಲಿ ಐಗಳು ಹುಡುಗರನ್ನು ಸಾಲಾಗಿ ಕಟ್ಟಿಕೊಂಡು ಮನೆಮನೆಗೆ ಹೊರಡುವರು. ಮಕ್ಕಳು ಇದ್ದುದರಲ್ಲಿ ಒಳ್ಳೆಯ ಉಡುಪು ತೊಟ್ಟು, ಕಲಿತ ಚೌಪದಗಳನ್ನು ಒಕ್ಕೊರಲಿನಿಂದ ಹೇಳಿ, ಮನೆಯವರನ್ನು ಹರಸುವರು. ಮನೆಯೊಡೆಯನು ಐಗಳಿಗೆ ಕಾಣಿಕೆಯನ್ನೂ, ಮಕ್ಕಳಿಗೆ ಹುರಿಗಡಲೆ ಬೆಲ್ಲವನ್ನೂ ಕೊಡುವನು. ವಿಜಯದಶಮಿಯಂದು ಹೊಸ ಮಕ್ಕಳಿಗೆ ಅಕ್ಷರಾಭ್ಯಾಸ. ವರ್ಷವೆಲ್ಲ ಜಗುಲಿಯ ಮೇಲೆ ಕಲಿತದ್ದನ್ನು ಊರಿನ ಬಾಗಿಲಲ್ಲಿ ನಿಂತು ಒಪ್ಪಿಸುವ ಪರೀಕ್ಷೆಯಿದು. ಮಗುವಿನ ಕಂಠ, ನೆನಪು, ಧೈರ್ಯ ಮೂರೂ ಒಂದೇ ದಿನ ಒರೆಗೆ ಹತ್ತುತ್ತಿದ್ದವು. ತನ್ನ ಮಗನು ಏನು ಕಲಿತನೆಂಬುದು ಅಕ್ಷರವರಿಯದ ತಾಯಿಗೂ ತಿಳಿಯುತ್ತಿತ್ತು.

ಹಳೆಯದೆಲ್ಲ ಹೊನ್ನೆಂದು ನಾವು ಹೇಳುವುದಿಲ್ಲ. ಆ ಸಾಲಿನಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೆಂದೇ ಹೇಳಬೇಕು. ಹೊಲಗೇರಿಯ ಮಗುವಿಗೆ ಜಗುಲಿಯೇ ದೂರವಾಗಿದ್ದಾಗ ಚೌಪದವೆಲ್ಲಿಯದು? ಐಗಳ ಬಡತನವು ಹಬ್ಬದ ನೆವದಿಂದ ಕೈಯೊಡ್ಡಬೇಕಾಗಿತ್ತೆಂಬುದೂ ನಿಜ. ಈ ಕೊರತೆಗಳನ್ನು ನೀಗಿಸಲು ನಾಡು ಬಹಳ ದೂರ ನಡೆದು ಬರಬೇಕಾಯಿತು. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯಾಯಿತು. 1915ರಲ್ಲಿ ಸರಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂದು ಆಜ್ಞೆಯಾಯಿತು. ಉಚಿತವೂ ಕಡ್ಡಾಯವೂ ಆದ ಶಿಕ್ಷಣವು ಮಗುವಿನ ಹಕ್ಕೆಂಬ 2009ರ ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆದ್ದರಿಂದ ನಾವು ಹಳೆಯ ಹಬ್ಬದಿಂದ ಉಳಿಸಿಕೊಳ್ಳಬೇಕಾದದ್ದು ಅದರ ತಿರುಳನ್ನು ಮಾತ್ರ: ಕಲಿತದ್ದನ್ನು ಊರಿಗೆ ಒಪ್ಪಿಸುವುದು, ಎಲ್ಲರೂ ಕೂಡಿ ಒಪ್ಪಿಸುವುದು.

ಈ ತಿರುಳನ್ನು ಕಂಡವರು ನಮ್ಮಲ್ಲಿ ಆಗಾಗ ಹುಟ್ಟಿಬಂದಿದ್ದಾರೆ. ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿಯೂ ಶಾಲಾ ತನಿಖಾಧಿಕಾರಿಯಾಗಿಯೂ ದುಡಿಯುತ್ತಲೇ ಮಕ್ಕಳ ನಾಲಗೆಗೆ ಕನ್ನಡದ ಹಾಡನ್ನು ಕೊಟ್ಟರು. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿ, ಆಟ ನಾಟಕಗಳ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು ಋತುಗಳ ಹಬ್ಬಗಳನ್ನೇ ಶಾಂತಿನಿಕೇತನದ ಪಾಠಕ್ರಮಕ್ಕೆ ಹೆಣೆದರು. 1928ರಲ್ಲಿ ಅಲ್ಲಿ ನಡೆದ ವೃಕ್ಷಾರೋಪಣದ ಹಬ್ಬವು ಪ್ರಸಿದ್ಧವಾಗಿದೆ. ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿಯು ಹೆಸರಿನಲ್ಲಿಯೇ ನಲಿವನ್ನು ಕಲಿಕೆಗಿಂತ ಮುಂದೆ ಇಟ್ಟಿತು. ಹಳ್ಳಿಯ ಶಾಲೆಯ ಉಪಾಧ್ಯಾಯರೇ ಮುಂದೆ ನಿಂತು ರೂಪಿಸಿದ ಪದ್ಧತಿಯದು ಎಂಬುದನ್ನು ತಾವು ಅಭಿಮಾನದಿಂದ ನೆನೆಯಬೇಕು.

ಇತ್ತೀಚಿನ ಸಂಗತಿಯೊಂದನ್ನು ಹೇಳಲೇಬೇಕು. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷ! ಒಂದನೆಯ ತರಗತಿಗೆ ಸೇರಿದ ಮಗುವು ಶಾಲೆಯ ಗೋಡೆಯನ್ನೇ ಕಾಣದೆ ಎರಡನೆಯ ತರಗತಿಗೆ ಬಂದಿತು. ಆ ನಷ್ಟವನ್ನು ತುಂಬಿಕೊಳ್ಳುವ ಪ್ರಯತ್ನಗಳಲ್ಲಿ, 2023ರ ಮೊದಲ ತಿಂಗಳುಗಳಲ್ಲಿ ಸರಕಾರಿ ಶಾಲೆಗಳಲ್ಲಿ ನಡೆದ ‘ಕಲಿಕಾ ಹಬ್ಬ’ವೂ ಒಂದು. ಹಾಡುವುದು, ಕಾಗದ ಕತ್ತರಿಸಿ ಗೊಂಬೆ ಮಾಡುವುದು, ಕೈಯಾರೆ ಸಣ್ಣ ಪ್ರಯೋಗ ಮಾಡಿ ನೋಡುವುದು, ಊರನ್ನು ಸುತ್ತಿ ತಿಳಿಯುವುದು ಇವೇ ಅದರ ಅಂಗಗಳು. ದೊಡ್ಡ ಕಷ್ಟ ಬಂದಾಗ ನಾಡು ಮಕ್ಕಳ ಕೈಗೆ ಬರಿಯ ಪುಸ್ತಕವನ್ನು ಕೊಡದೆ ಹಬ್ಬವನ್ನೂ ಕೊಟ್ಟಿತೆಂಬುದು ಗಮನಿಸತಕ್ಕದ್ದು. ಆದರೆ ಆಜ್ಞೆಯ ಮೇರೆಗೆ ಎರಡು ದಿನ ನಡೆದು ಮುಗಿಯುವ ಹಬ್ಬದಿಂದ ಸಾಲದು. ಅದು ಪ್ರತಿಯೊಂದು ಶಾಲೆಯಲ್ಲಿ, ಆಯಾ ಊರಿನ ಮಣ್ಣಿನಿಂದ ಬೆಳೆಯಬೇಕು.

ಅರೇಹಳ್ಳಿಯ ಮಣ್ಣಿನಲ್ಲಿ ಏನಿಲ್ಲ? ನಾಡಿನ ಬೇರೆ ಕಡೆಯ ಉಪಾಧ್ಯಾಯರು ಚಿತ್ರಪಟದಲ್ಲಿ ತೋರಿಸಬೇಕಾದುದು ತಮಗೆ ಕಿಟಕಿಯಾಚೆ ಇದೆ. ಮೂರು ಹಬ್ಬಗಳನ್ನು ಉದಾಹರಣೆಗೆ ಎತ್ತಿಕೊಳ್ಳುವೆವು.

ಮೊದಲನೆಯದು ರಾಜ್ಯೋತ್ಸವ. 1956ರ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದಾದವು. 1973ರ ಅದೇ ದಿನ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ಈ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಸಿ, ಧ್ವಜವೇರಿಸಿ, ಸಿಹಿ ಹಂಚಿ ಮನೆಗೆ ಕಳುಹಿಸುವುದು ಸಾಮಾನ್ಯ ರೂಢಿ. ಅದರ ಬದಲು, ದಪ್ಪ ಕಾಗದದ ಮೇಲೆ ನಾಡಿನ ನಕ್ಷೆ ಬರೆದು, ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಐದು ಬಣ್ಣದ ತುಂಡುಗಳಾಗಿ ಕತ್ತರಿಸಿ ಮಕ್ಕಳ ಕೈಗೆ ಕೊಡಿರಿ. ಅವರೇ ಜೋಡಿಸಲಿ. ಧಾರವಾಡದ ತುಂಡು ಮುಂಬಯಿಗೆ ಏಕೆ ಸೇರಿತ್ತು, ರಾಯಚೂರಿನದು ಹೈದರಾಬಾದಿಗೆ ಏಕೆ ಸೇರಿತ್ತು ಎಂದು ಆಗ ಅವರೇ ಕೇಳುವರು. ಹಾಗೆ ಕೇಳಿದ ಪ್ರಶ್ನೆಯೇ ಇತಿಹಾಸದ ಪಾಠಕ್ಕೆ ಬಾಗಿಲು. ಕಾಸರಗೋಡಿನ ತುಂಡು ಕೈಯಲ್ಲಿ ಉಳಿದಾಗ, 1956ರಲ್ಲಿ ಅದು ಕೇರಳಕ್ಕೆ ಸೇರಿತೆಂದೂ, ಅಲ್ಲಿ ಕನ್ನಡದಲ್ಲಿ ಓದುವ ಮಕ್ಕಳು ಇಂದಿಗೂ ಇದ್ದಾರೆಂದೂ ಹೇಳಿರಿ. ಅಲ್ಲಿಯ ಒಂದು ಕನ್ನಡ ಶಾಲೆಯ ಮಕ್ಕಳಿಗೆ ತಮ್ಮ ಮಕ್ಕಳು ಕಾಗದ ಬರೆಯಲಿ. ಯಾರಿಗೆ ಬರೆಯುತ್ತಿದ್ದೇನೆಂಬುದನ್ನು ಅರಿತು ಬರೆದ ಒಂದು ಓಲೆಯು, ಯಾರಿಗೂ ಅಲ್ಲದೆ ಬರೆದ ಹತ್ತು ಪ್ರಬಂಧಗಳಿಗಿಂತ ಮೇಲು.

ಇದೇ ಹಬ್ಬಕ್ಕೆ ತಮ್ಮ ತಾಲ್ಲೂಕಿನಲ್ಲಿಯೇ ಇನ್ನೊಂದು ಪಾಠವಿದೆ. 1936ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯ ಶಾಸನವು ಬೇಲೂರು ತಾಲ್ಲೂಕಿನದು. ಸುಮಾರು ಕ್ರಿಸ್ತಶಕ 450ರ ಕಾಲದ ಆ ಶಾಸನವು ಹದಿನಾರು ಸಾಲಿನದು. ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲೊಂದು. ಯುದ್ಧದಲ್ಲಿ ಪರಾಕ್ರಮ ತೋರಿದ ವೀರನೊಬ್ಬನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ಸಂಗತಿಯನ್ನು ಅದು ಸಾರುತ್ತದೆ. ಊರಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಅಂದಿನ ‘ಪಲ್ಮಿಡಿ’ ಇಂದಿನ ‘ಹಲ್ಮಿಡಿ’. ಈ ಒಂದು ಹೆಸರನ್ನು ಹಲಗೆಯ ಮೇಲೆ ಬರೆದು, ಹಕಾರವಿರುವ ಜಾಗದಲ್ಲಿ ಪಕಾರವನ್ನಿಟ್ಟು ನೋಡಿರೆಂದು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿರಿ. ಹಾಲು ಪಾಲಾಗುವುದು, ಹಾವು ಪಾವಾಗುವುದು, ಹೂವು ಪೂವಾಗುವುದು, ಅರೇಹಳ್ಳಿಯ ಹಳ್ಳಿಯು ಪಳ್ಳಿಯಾಗುವುದು. ಕೊನೆಗೆ ಹಬ್ಬವೇ ಪಬ್ಬವಾಗುವುದು. ತಮ್ಮ ನಾಲಗೆಯ ಮೇಲಿರುವ ಮಾತು ಸಾವಿರ ವರ್ಷ ನಡೆದು ಬಂದಿದೆಯೆಂಬ ಬೆರಗು ಮಕ್ಕಳಿಗೆ ಆಟದಲ್ಲಿಯೇ ಹುಟ್ಟುವುದು. ಭಾಷಾಭಿಮಾನವನ್ನು ಜಯಘೋಷದಿಂದ ಹುಟ್ಟಿಸುವುದಕ್ಕಿಂತ ಈ ಬೆರಗಿನಿಂದ ಹುಟ್ಟಿಸುವುದು ಲೇಸು.

ಎರಡನೆಯದು ಮಕ್ಕಳ ಸಂತೆ. ಇತ್ತೀಚೆಗೆ ಮೆಟ್ರಿಕ್ ಮೇಳವೆಂಬ ಹೆಸರಿನಿಂದ ಅನೇಕ ಶಾಲೆಗಳಲ್ಲಿ ಇದು ನಡೆಯುತ್ತಿದೆ. ಮಕ್ಕಳು ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಬಾಳೆಹಣ್ಣು, ಮೆಣಸು ತಂದು ಶಾಲೆಯ ಅಂಗಳದಲ್ಲಿ ಮಾರುವರು, ಊರವರು ಕೊಳ್ಳುವರು. ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಹಬ್ಬ ಯಾವುದು? ತಕ್ಕಡಿ ಹಿಡಿದ ಮಗುವಿಗೆ ಕಾಲು ಕಿಲೋ ಎಂದರೆ 250 ಗ್ರಾಂ ಎಂದು ಹೇಳಿಕೊಡಬೇಕಾದುದಿಲ್ಲ. ಅಂದಿನ ದಿನ ಹಿರಿಯರೊಬ್ಬರನ್ನು ಕರೆದು, ಸೇರು, ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಹಳೆಯ ಅಳತೆಗಳನ್ನು ಹೇಳಿಸಿರಿ. ಹದಿನಾರು ಆಣೆಯ ರೂಪಾಯಿಯು 1957ರ ಏಪ್ರಿಲ್ 1ರಂದು ನೂರು ಪೈಸೆಯದಾಯಿತೆಂಬುದನ್ನು ತಿಳಿಸಿರಿ. ಕಾಫಿಯ ಲೆಕ್ಕವಂತೂ ಇಲ್ಲಿಯ ಮಗುವಿಗೆ ಮನೆಯ ಮಾತು. ಐದಾರು ಕಿಲೋ ಹಸಿಯ ಹಣ್ಣಿನಿಂದ ಒಂದು ಕಿಲೋ ಕಾಫಿಬೀಜವಾಗುವುದಾದರೆ, ಐವತ್ತು ಕಿಲೋ ಬೀಜಕ್ಕೆ ಎಷ್ಟು ಹಣ್ಣು ಬಿಡಿಸಬೇಕು? ಈ ಲೆಕ್ಕ ಮಾಡಿದ ಮಗುವಿಗೆ ತೋಟದಲ್ಲಿ ದುಡಿಯುವ ತಾಯಿಯ ಕೈಯ ಬೆಲೆಯೂ ತಿಳಿಯುವುದು.

ಮೂರನೆಯದನ್ನು ಯಾವ ಪಂಚಾಂಗದಲ್ಲಿಯೂ ಬರೆದಿಲ್ಲ. ಯುಗಾದಿಯ ಮುಂಚೆ ಒಂದು ಒಳ್ಳೆಯ ಮಳೆ ಬಿದ್ದರೆ, ಎಂಟು ಹತ್ತು ದಿನಗಳೊಳಗೆ ಈ ಸೀಮೆಯ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ಘಮಘಮಿಸುವುವು. ಆ ಹೂವಿನ ದಿನವನ್ನು ಶಾಲೆಯ ಹಬ್ಬವಾಗಿ ಮಾಡಿಕೊಳ್ಳಿರಿ. ಮಳೆ ಬಿದ್ದ ದಿನ ಗೋಡೆಯ ಮೇಲೆ ಒಂದು ಗೆರೆ ಎಳೆಯಲಿ. ದಿನಕ್ಕೊಂದು ಗೆರೆಯಂತೆ ಎಣಿಸಲಿ. ಹೂವರಳಿದ ದಿನ ಸಾಲಾಗಿ ಹೋಗಿ ನೋಡಿ, ಜೇನುಹುಳುಗಳ ಓಡಾಟವನ್ನು ಗಮನಿಸಿ, ಬಂದು ಚಿತ್ರ ಬರೆಯಲಿ. ಮುಂದಿನ ವರ್ಷದ ಮಕ್ಕಳು ಹಿಂದಿನ ವರ್ಷದ ಗೆರೆಗಳೊಡನೆ ತಮ್ಮವನ್ನು ಹೋಲಿಸಿ ನೋಡಲಿ. ಮಳೆ ತಡವಾದರೆ ಮನೆಯಲ್ಲಿ ಹಿರಿಯರ ಮುಖವೇಕೆ ಬಾಡುವುದೆಂಬುದು ಅವರಿಗೆ ಆಗ ಅರ್ಥವಾಗುವುದು. ಚಂದ್ರದ್ರೋಣ ಪರ್ವತಕ್ಕೆ ಬಾಬಾ ಬುಡನರು ಏಳು ಕಾಫಿ ಬೀಜಗಳನ್ನು ತಂದರೆಂಬ ಪ್ರತೀತಿಯನ್ನು ಕಥೆಯಾಗಿ ಹೇಳುವುದಕ್ಕೂ ಅದೇ ಸಮಯ.

ಇವೆಲ್ಲಕ್ಕೂ ನಡುವೆ ಬೇಲೂರಿನ ಗುಡಿಯಿದೆ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಚೆನ್ನಕೇಶವ ದೇವಾಲಯವೂ, ಹಳೇಬೀಡಿನ ಹೊಯ್ಸಳೇಶ್ವರವೂ, ಸೋಮನಾಥಪುರವೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಮಕ್ಕಳನ್ನು ಕರೆದೊಯ್ದಾಗ ಶಿಲಾಬಾಲಿಕೆಯರ ಅಂದವನ್ನಷ್ಟೇ ತೋರಿಸಬೇಡಿರಿ. ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ತಮ್ಮ ಹೆಸರನ್ನು ಕೊರೆದಿರುವುದನ್ನೂ ತೋರಿಸಿರಿ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಒಂಬೈನೂರು ವರ್ಷ ಉಳಿದದ್ದು ಹೀಗೆ. ಶಾಲೆಯ ಹಬ್ಬದಲ್ಲಿ ಗೋಡೆಗೆ ತೂಗುಹಾಕಿದ ಪ್ರತಿಯೊಂದು ಚಿತ್ರದ ಕೆಳಗೂ ಅದನ್ನು ಬರೆದ ಮಗುವು ತನ್ನ ಹೆಸರನ್ನು ತನ್ನ ಕೈಯಿಂದಲೇ ಬರೆಯಲಿ. ಒಂದನೆಯ ತರಗತಿಯ ಮಗುವಿಗೆ ತನ್ನ ಹೆಸರಿಗಿಂತ ಪ್ರಿಯವಾದ ಅಕ್ಷರಪಾಠ ಮತ್ತೊಂದಿಲ್ಲ.

ಇನ್ನು ಹಬ್ಬವು ಪಾಠವಾಗಬೇಕಾದರೆ ನಡೆಸಬೇಕಾದ ಕೆಲವು ನಿಯಮಗಳನ್ನು ಅರಿಕೆ ಮಾಡಿಕೊಳ್ಳುವೆವು.

ಒಂದು, ಯಾವ ಮಗುವೂ ಬರಿಯ ಪ್ರೇಕ್ಷಕನಾಗಬಾರದು. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿಂದ ಪ್ರತಿಭೆಯುಳ್ಳ ಮಗುವಿಗೆ ದಾರಿಯಾಗಿದೆ, ನಿಜ. ಆದರೆ ಗೆಲ್ಲುವ ಮಗುವನ್ನು ಆರಿಸುವುದು ಸ್ಪರ್ಧೆಯ ಕೆಲಸ. ಎಲ್ಲ ಮಕ್ಕಳನ್ನೂ ಸೇರಿಸುವುದು ಹಬ್ಬದ ಕೆಲಸ. ಹಾಡಲಾರದವನು ತೋರಣ ಕಟ್ಟಲಿ. ಮಾತನಾಡಲು ನಾಚುವವಳು ಬಂದವರ ಹೆಸರನ್ನು ಬರೆದುಕೊಳ್ಳಲಿ. ವರ್ಷವೆಲ್ಲ ಹಿಂದಿನ ಸಾಲಿನಲ್ಲಿ ಕುಳಿತ ಮಗುವು ಹಬ್ಬದ ದಿನವೂ ಹಿಂದಿನ ಸಾಲಿನಲ್ಲಿಯೇ ಕುಳಿತರೆ, ಅದು ಆ ಮಗುವಿನ ಪಾಲಿಗೆ ಹಬ್ಬವಲ್ಲ.

ಎರಡು, ಹಬ್ಬದ ಹೊರೆಯು ಬಡವರ ಮೇಲೆ ಬೀಳಬಾರದು. ಬಾಡಿಗೆಯ ವೇಷಭೂಷಣಕ್ಕಾಗಿ ಕೂಲಿಯವನು ಸಾಲ ಮಾಡುವಂತಾದರೆ, ಮರುದಿನ ಆ ಮಗುವು ಶಾಲೆಗೆ ಬರಲು ಅಂಜುವುದು. ಎಲೆ, ಮಣ್ಣು, ಹಳೆಯ ಕಾಗದ, ತೋಟದ ಹೂವು ಇವು ಸಾಲದೆಹೋಗುವ ಹಬ್ಬವು ನಮ್ಮ ಶಾಲೆಗೆ ಬೇಡ.

ಮೂರು, ಎಲ್ಲರ ಮನೆಯ ಮಾತಿಗೂ ಎಲ್ಲರ ಮನೆಯ ಹಬ್ಬಕ್ಕೂ ಎಡೆಯಿರಲಿ. ಕಾಫಿ ಸೀಮೆಯ ಲೈನು ಮನೆಗಳಲ್ಲಿ ತುಳು, ತಮಿಳು, ಉರ್ದು, ಮಲೆಯಾಳ ಆಡುವವರಿದ್ದಾರೆ. ಈಚೆಗೆ ಅಸ್ಸಾಮು, ಬಂಗಾಳಗಳಿಂದ ಬಂದ ಕುಟುಂಬಗಳೂ ಇವೆ. ಆ ಮಗುವು ತನ್ನ ತಾಯಿ ಹಾಡುವ ಜೋಗುಳವನ್ನು ಒಮ್ಮೆ ತರಗತಿಯಲ್ಲಿ ಹಾಡಲಿ. ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಕನ್ನಡವು ತನ್ನನ್ನು ಕೈಹಿಡಿದು ಕರೆಯಿತೆಂದು ತಿಳಿದ ಮಗುವು ಎಂದಿಗೂ ಕನ್ನಡವನ್ನು ಬಿಡಲಾರದು. ಯುಗಾದಿಯಂತೆಯೇ ರಂಜಾನೂ ಕ್ರಿಸ್‌ಮಸ್ಸೂ ಮಕ್ಕಳ ಮಾತಿನಲ್ಲಿ, ಚಿತ್ರದಲ್ಲಿ, ಬರಹದಲ್ಲಿ ಬರಲಿ.

ನಾಲ್ಕು, ಹಬ್ಬದ ಮರುದಿನವನ್ನು ಮರೆಯಬಾರದು. ನಿನ್ನೆ ಏನು ನೋಡಿದೆ, ಏನು ಮಾಡಿದೆ, ಎಷ್ಟು ಖರ್ಚಾಯಿತು, ಏನು ಕೆಟ್ಟಿತು ಎಂಬುದನ್ನು ಮಕ್ಕಳು ಹೇಳಬೇಕು, ಬರೆಯಬೇಕು. ಬರೆಯಲಾರದವನು ಚಿತ್ರ ಬರೆಯಲಿ. ಹಬ್ಬದ ದಿನ ಮೊಳೆತದ್ದು ಬೇರು ಬಿಡುವುದು ಈ ಮರುದಿನದಲ್ಲಿ.

ಇದಕ್ಕೆಲ್ಲ ಕಾಲವೆಲ್ಲಿದೆ ಎಂದು ತಾವು ಕೇಳಬಹುದು. ಇಬ್ಬರೇ ಉಪಾಧ್ಯಾಯರು ಐದು ತರಗತಿಗಳನ್ನು ನೋಡಿಕೊಳ್ಳುವ ಶಾಲೆಗಳ ಕಷ್ಟವನ್ನು ನಾವು ಬಲ್ಲೆವು. ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವೆಲ್ಲ ತಮ್ಮ ತಲೆಯ ಮೇಲಿವೆ. ಆದರೆ ಲೆಕ್ಕ ಹಾಕಿ ನೋಡೋಣ. ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಇನ್ನೂರು ದಿನ ಶಾಲೆ ನಡೆಯಬೇಕು. ಹತ್ತು ದಿನಗಳನ್ನು ಹೀಗೆ ಹಬ್ಬವಾಗಿ ನಡೆಸಿದರೂ ಅದು ಇಪ್ಪತ್ತರಲ್ಲಿ ಒಂದು ಪಾಲು. ಆ ಹತ್ತು ದಿನಗಳಲ್ಲಿ ಓದು, ಬರಹ, ಲೆಕ್ಕ ಮೂರೂ ನಡೆಯುವುದಾದ್ದರಿಂದ, ಕಳೆದುಹೋದ ದಿನ ಒಂದೂ ಇಲ್ಲ. ಇದಲ್ಲದೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೆಲಸಗಾರರ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವುದು ತಮಗೆಲ್ಲ ತಿಳಿದ ಮಾತು. ಆ ಮಗುವನ್ನು ಮತ್ತೆ ಶಾಲೆಗೆ ಎಳೆದು ತರುವ ಶಕ್ತಿಯು ಹಾಜರಿ ಪುಸ್ತಕಕ್ಕೆ ಇಲ್ಲ. ನಾಳೆ ಶಾಲೆಯಲ್ಲಿ ನನಗೊಂದು ಕೆಲಸವಿದೆಯೆಂಬ ಆಸೆಗೆ ಇದೆ.

ಕೊನೆಯದಾಗಿ ಊರ ಮಹನೀಯರಿಗೆ ಒಂದು ಮಾತು. ಮಕ್ಕಳ ಸಂಖ್ಯೆ ಕುಗ್ಗಿ ಅನೇಕ ಹಳ್ಳಿಗಳ ಕನ್ನಡ ಶಾಲೆಗಳು ಇಂದು ಸೊರಗುತ್ತಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಬಲವಂತ ಮಾಡಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟ ಮೇಲೆ, ಕಾಯಿದೆಯ ಬೇಲಿಯಿಂದ ಈ ಶಾಲೆಗಳನ್ನು ಕಾಯುವೆವೆಂಬ ಭರವಸೆ ಉಳಿಯಲಿಲ್ಲ. ತಾಯಿ ತಂದೆಗಳು ತಾವಾಗಿಯೇ ಆರಿಸಿಕೊಳ್ಳುವಂಥ ಶಾಲೆಯಾದರೆ ಮಾತ್ರ ಅದು ಉಳಿಯುವುದು. ಅವರು ಆರಿಸಿಕೊಳ್ಳಬೇಕಾದರೆ ಒಳಗೆ ಏನು ನಡೆಯುವುದೆಂಬುದನ್ನು ಕಣ್ಣಾರೆ ನೋಡಬೇಕು. ಹಿಂದೆ ಐಗಳು ಮಕ್ಕಳನ್ನು ಊರ ಬಾಗಿಲಿಗೆ ಕರೆತಂದರು. ಇಂದು ಊರೇ ಶಾಲೆಯ ಬಾಗಿಲಿಗೆ ಬರಲಿ. ಸಭಾಧ್ಯಕ್ಷತೆಗಾಗಿ, ಹಾರ ತುರಾಯಿಗಾಗಿ ಬರುವುದು ಬೇಡ. ಸಂತೆಯ ದಿನ ಕೈಚೀಲ ಹಿಡಿದು ಬನ್ನಿರಿ. ಹಳೆಯ ಅಳತೆಯನ್ನು ಹೇಳಿಕೊಡಲು ಬನ್ನಿರಿ. ಊರಿಗೆ ಈ ಹೆಸರೇಕೆ ಬಂದಿತೆಂದು ಕೇಳುವ ಮಗುವಿಗೆ ಉತ್ತರ ಕೊಡಲು ಬನ್ನಿರಿ. ತೋಟದ ಒಡೆಯರು ಹೂವಿನ ದಿನ ಗೇಟು ತೆರೆದು ಮಕ್ಕಳನ್ನು ಒಳಗೆ ಬಿಡಲಿ; ಅದೇ ದೊಡ್ಡ ದಾನ.

ಉಪಾಧ್ಯಾಯ ಬಂಧುಗಳೇ, ಮುಂದಿನ ಹಬ್ಬವು ಯಾವುದೇ ಇರಲಿ, ಅದರ ಹಿಂದಿನ ದಿನ ತಮ್ಮ ಹಾಜರಿ ಪುಸ್ತಕವನ್ನು ತೆರೆದು, ಪ್ರತಿಯೊಂದು ಹೆಸರಿನ ಮುಂದೆಯೂ ಒಂದೊಂದು ಕೆಲಸವನ್ನು ಬರೆಯಿರಿ. ಕೆಲಸವಿಲ್ಲದ ಹೆಸರೊಂದೂ ಉಳಿಯದಿದ್ದರೆ ತಮ್ಮ ಹಬ್ಬವು ಸಿದ್ಧವಾಯಿತೆಂದು ತಿಳಿಯಿರಿ.